ಬ್ಯಾಟರಿ ಬದಲಿಸುವ ಮುನ್ನ

ಮುಸ್ಸಂಜೆಯ ಹೊತ್ತು. ಹಿರಿಯೂರು ದಾಟಿ ಚಿತ್ರದುರ್ಗದ ಕಡೆಗೆ ಹೊರಟ ಹಳೇ ಅಂಬಾಸಡರ್ ಕಾರೊಂದು ಐಮಂಗಲದಲ್ಲಿ ಕಾಫಿಗೆಂದು ನಿಂತಿದೆ ಎಂದುಕೊಳ್ಳಿ. ಹಾಸ್ಟೆಲಿಗೆ ಸೇರಲು ಹೊರಟ ಮಗ, ಅವನ ಟ್ರಂಕು, ಅಪ್ಪ, ಅಮ್ಮ. ಕಾಫಿ ಮುಗಿಸಿ ಬಂದು ಕೀಲಿ ತಿರುಗಿಸಿದರೆ 'ಟಕ್' ಎಂಬ ಒಂದೇ ಸದ್ದು. ಸೆಲ್ಫ್ ಎಳೆಯುತ್ತಿಲ್ಲ. ಅಲ್ಲಿಯವರೆಗೆ ಉರಿಯುತ್ತಿದ್ದ ಹೆಡ್‌ಲೈಟು ಆ ಕ್ಷಣಕ್ಕೆ ಲಾಂದ್ರದಷ್ಟು ಮಂಕಾಗುತ್ತದೆ. ಚಿತ್ರದುರ್ಗದ ಗುಡ್ಡಗಳ ಮೇಲೆ ಸಾಲುಸಾಲು ಗಾಳಿಯಂತ್ರಗಳು ವಿದ್ಯುತ್ತು ತಯಾರಿಸುತ್ತಿವೆ. ಈ ಕಾರಿಗೆ ಹನ್ನೆರಡು ವೋಲ್ಟಿಗೂ ಗತಿಯಿಲ್ಲ!

"ಬ್ಯಾಟರಿ ಹೋಯ್ತು ಸಾರ್, ಹೊಸದು ಹಾಕಿಸಿ." ನಿಂತವರೆಲ್ಲ ಕೊಡುವ ಸಲಹೆ ಇದೇ. ಸಾವಿರಾರು ರೂಪಾಯಿ ಸುರಿದು ಹೊಸದನ್ನು ಹಾಕಿಸಿದ ಮೇಲೂ ಎಷ್ಟೋ ಸಲ ಹದಿನೈದು ದಿನದಲ್ಲಿ ಅದೇ 'ಟಕ್' ಮತ್ತೆ ಕೇಳಿಸುತ್ತದೆ. ದೋಷ ಬ್ಯಾಟರಿಯದ್ದೇ ಆಗಿರಬೇಕೆಂದಿಲ್ಲ, ಅರ್ಥ್‌ನದ್ದೂ ಇರಬಹುದು.

ಮನೆಯ ಅರ್ಥಿಂಗ್ ತಂತಿ ಇದ್ದಿಲು, ಉಪ್ಪು ತುಂಬಿದ ಗುಂಡಿಗೆ ಇಳಿಯುತ್ತದೆ. ಕಾರು ನಿಂತಿರುವುದು ರಬ್ಬರ್ ಟೈರುಗಳ ಮೇಲೆ. ಅದರ ಅರ್ಥ್‌ಗೂ ಭೂಮಿಗೂ ಸಂಬಂಧವೇ ಇಲ್ಲ. ಬಲ್ಬಿಗಾಗಲಿ ಹಾರ್ನಿಗಾಗಲಿ ಹೋಗುವ ತಂತಿ ಸಾಮಾನ್ಯವಾಗಿ ಒಂದೇ. ಕರೆಂಟು ವಾಪಸು ಬರುವ ದಾರಿ ಕಾರಿನ ಲೋಹದ ಮೈ. ಬ್ಯಾಟರಿಯ ಋಣಧ್ರುವವನ್ನು ದಪ್ಪ ಕೇಬಲಿನಿಂದ ಆ ಮೈಗೆ ಬಿಗಿದಿರುತ್ತಾರೆ. (1960ರ ದಶಕದವರೆಗೆ ಅನೇಕ ಬ್ರಿಟಿಷ್ ಕಾರುಗಳಲ್ಲಿ ಧನಧ್ರುವವನ್ನೇ ಬಿಗಿಯುತ್ತಿದ್ದರು. ಅಜ್ಜನ ಕಾಲದ ಕಾರಿದ್ದವರು ಇದನ್ನು ನೋಡಿಕೊಂಡೇ ಬ್ಯಾಟರಿ ಕೂರಿಸಬೇಕು.) ಇಂಜಿನ್ ಕೂತಿರುವುದೂ ರಬ್ಬರ್ ಮೇಲೆಯೇ. ಹಾಗಾಗಿ ಇಂಜಿನ್‌ನಿಂದ ಮೈಗೆ ತಾಮ್ರದ ಎಳೆಗಳನ್ನು ಹೆಣೆದ ಇನ್ನೊಂದು ಪಟ್ಟಿ ಇರುತ್ತದೆ. ಅಂಬಾಸಡರ್ ಮತ್ತು ಮಾರುತಿ 800 ಎರಡರ ತಯಾರಿಕೆಯೂ ನಿಂತದ್ದು 2014ರಲ್ಲಿ. ಅಂದರೆ ಇಂದು ಓಡುವ ಅಂಥ ಯಾವ ಕಾರಿನ ಪಟ್ಟಿಯೂ ಹೊಸದಲ್ಲ, ಯಾರಾದರೂ ಬದಲಿಸಿರದಿದ್ದರೆ. ಎಣ್ಣೆ, ನೀರು, ತುಕ್ಕು ಅದನ್ನು ಸದ್ದಿಲ್ಲದೆ ತಿನ್ನುತ್ತವೆ.

ಹತ್ತನೆಯ ತರಗತಿಯ ಓಮನ ನಿಯಮ ಇಲ್ಲಿ ಕೆಲಸಕ್ಕೆ ಬರುತ್ತದೆ. ಸೆಲ್ಫ್ ಎಳೆಯುವ ಕರೆಂಟು ಸುಮಾರು 150 ಆಂಪಿಯರ್ ಎನ್ನಿ. ತುಕ್ಕು ಹಿಡಿದ ಜೋಡಣೆಯ ರೋಧ ಓಮಿನ ನೂರರಲ್ಲಿ ಒಂದು ಪಾಲು ಮಾತ್ರ. ಗುಣಿಸಿ ನೋಡಿ: 1.5 ವೋಲ್ಟ್ ಅಲ್ಲೇ ಸೋರಿಹೋಯಿತು! ಡೈನಮೊ ಅಥವಾ ಆಲ್ಟರ್ನೇಟರ್ ಕೂತಿರುವುದೂ ಇಂಜಿನ್ ಮೇಲೆ. ಅದರ ಕರೆಂಟಿಗೂ ಇದೇ ಪಟ್ಟಿಯೇ ದಾರಿ. ದಾರಿ ಕೆಟ್ಟರೆ ಬ್ಯಾಟರಿಗೆ ಪೂರ್ತಿ ಚಾರ್ಜ್ ಸಿಗುವುದಿಲ್ಲ. ಹೊಸ ಬ್ಯಾಟರಿಯೂ ಅರೆಹೊಟ್ಟೆಯಲ್ಲಿ ಸವೆಯುತ್ತದೆ. ಲಾರಿಗಳು ಬಿಡುವಿಲ್ಲದೆ ಓಡುವ ಈ ಹೆದ್ದಾರಿಯಲ್ಲಿ ರಾತ್ರಿ ಮಂಕು ದೀಪದಲ್ಲಿ ಹೋಗುವುದೆಂದರೆ ಬರೀ ದುಡ್ಡಿನ ಮಾತಲ್ಲ.

ಕಾರೇ ಕೆಲವು ಸುಳಿವು ಕೊಡುತ್ತದೆ. ಬ್ರೇಕ್ ಒತ್ತಿದರೆ ಇಂಡಿಕೇಟರ್ ಮಿನುಗುವುದು ನಿಲ್ಲುತ್ತದೆ. ಸೆಲ್ಫ್ ಹೊಡೆದಾಗ ಚೋಕ್ ಅಥವಾ ಆಕ್ಸಿಲರೇಟರ್ ಕೇಬಲ್ ಬಿಸಿಯಾಗುತ್ತದೆ. ಪಟ್ಟಿ ತುಂಡಾದಾಗ ಕರೆಂಟು ಆ ಬಡಪಾಯಿ ಕೇಬಲನ್ನೇ ದಾರಿ ಮಾಡಿಕೊಂಡಿರುತ್ತದೆ, ಅಷ್ಟೆ.

ಮನೆಯಲ್ಲೇ ಪರೀಕ್ಷಿಸಲು ಒಂದು ಅಗ್ಗದ ಮಲ್ಟಿಮೀಟರ್ ಸಾಕು. ಇಂಜಿನ್ ನಿಂತು ಕೆಲವು ಗಂಟೆಯಾದ ಮೇಲೆ ಒಳ್ಳೆಯ ಬ್ಯಾಟರಿ 12.6 ವೋಲ್ಟ್ ತೋರಿಸಬೇಕು. ಇಂಜಿನ್ ಓಡುವಾಗ ಆಲ್ಟರ್ನೇಟರ್ ಕಾರಿನಲ್ಲಿ 13.8ರಿಂದ 14.4ರ ಆಸುಪಾಸು. ಹದಿಮೂರಕ್ಕೂ ಏರದಿದ್ದರೆ ಮೊದಲು ಫ್ಯಾನ್ ಬೆಲ್ಟ್ ಸಡಿಲವೇ ನೋಡಿ. ಹದಿನೈದು ದಾಟಿದರೆ ರೆಗ್ಯುಲೇಟರ್ ಕೆಟ್ಟಿದೆ, ಬ್ಯಾಟರಿಯ ನೀರು ಕುದಿದು ಹೋಗುತ್ತದೆ. ಹಳೇ ಡೈನಮೊ ಕಾರು ನಿಧಾನ ಓಟದಲ್ಲಿ ಚಾರ್ಜ್ ಮಾಡುವುದೇ ಕಷ್ಟ. ಆಕ್ಸಿಲರೇಟರ್ ಸ್ವಲ್ಪ ಒತ್ತಿ ಅಳೆಯಬೇಕು. ಇನ್ನು ಅರ್ಥ್: ಗೇರು ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಋಣಧ್ರುವದ ಮೇಲೆ, ಇನ್ನೊಂದು ಇಂಜಿನ್‌ನ ಬಣ್ಣವಿಲ್ಲದ ಲೋಹದ ಮೇಲೆ. ಕೈ ಫ್ಯಾನಿನಿಂದ ದೂರ. ಒಳಗಿದ್ದವರು ಸೆಲ್ಫ್ ಹೊಡೆಯಲಿ. ಅರ್ಧ ವೋಲ್ಟಿಗಿಂತ ಹೆಚ್ಚು ಬಂದರೆ ಕಳ್ಳ ಸಿಕ್ಕಂತೆ.

ಇಂಜಿನ್ ಓಡುತ್ತಿರುವಾಗ ಬ್ಯಾಟರಿಯ ಕೇಬಲ್ ಕಿತ್ತು 'ಚಾರ್ಜ್ ಆಗ್ತಿದೆಯಾ' ಎಂದು ನೋಡುವ ಹಳೇ ಅಭ್ಯಾಸವೊಂದಿದೆ. ಆಲ್ಟರ್ನೇಟರ್ ಇರುವ ಕಾರಿನಲ್ಲಿ ಹೀಗೆ ಮಾಡಿದರೆ ಡಯೋಡುಗಳು ಸುಟ್ಟುಹೋಗಬಹುದು; ಸಣ್ಣ ರಿಪೇರಿ ದೊಡ್ಡದಾಗುತ್ತದೆ.

ಕೇಬಲ್ ಬಿಚ್ಚುವಾಗ ಅರ್ಥ್ ಮೊದಲು, ಜೋಡಿಸುವಾಗ ಅರ್ಥ್ ಕೊನೆಗೆ. ಹತ್ತಿರ ಬೀಡಿ, ಬೆಂಕಿಕಡ್ಡಿ ಬೇಡ. ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತದೆ. ಟರ್ಮಿನಲ್ಲಿನ ಬಿಳಿ ಪುಡಿಯನ್ನು ಅಡುಗೆ ಸೋಡಾ ಬೆರೆಸಿದ ನೀರಿನಿಂದ ತೊಳೆದು, ಪಟ್ಟಿ ಕೂರುವ ಜಾಗವನ್ನು ಲೋಹ ಹೊಳೆಯುವವರೆಗೆ ಉಜ್ಜಿ, ಬಿಗಿದ ಮೇಲೆ ವ್ಯಾಸಲಿನ್ ಸವರಬೇಕು. ಸೋಡಾ ನೀರು ಬ್ಯಾಟರಿಯ ಒಳಗೆ ಹೋಗಬಾರದು.

ಐಮಂಗಲದಲ್ಲಿ ನಿಂತವರ ಬಳಿ ಮೀಟರು ಎಲ್ಲಿಂದ ಬರಬೇಕು? ಲಾರಿಯವರ ಹತ್ತಿರ ಜಂಪರ್ ಕೇಬಲ್ ಇದ್ದರೆ ಕೇಳಲಿ. ಒಂದು ತುದಿಯನ್ನು ಇಂಜಿನ್‌ಗೆ, ಇನ್ನೊಂದನ್ನು ಋಣಧ್ರುವಕ್ಕೆ ಕಚ್ಚಿಸಿ ಕೀಲಿ ತಿರುಗಿಸಲಿ. ಸೆಲ್ಫ್ ಗರ್ರೆಂದು ಎದ್ದರೆ ಬ್ಯಾಟರಿ ಅಂಗಡಿ ಹುಡುಕಬೇಕಿಲ್ಲ. ಚಿತ್ರದುರ್ಗದ ಯಾವುದಾದರೂ ಗ್ಯಾರೇಜಿನಲ್ಲಿ ಹೊಸ ಅರ್ಥ್ ಪಟ್ಟಿ ಹಾಕಿಸಿಕೊಂಡರಾಯಿತು.