ಅಲ್ಯೂಮಿನಿಯಂ ಬೆಸುಗೆ: ಪೈಪಿಗೆ ಸರಿ, ಏಣಿಗೆ ಬೇಡ

ಹೂಮಳೆ ಕೈಕೊಟ್ಟ ವರ್ಷ ಫೆಬ್ರವರಿ ಕಳೆಯುತ್ತಲೇ ನಾವೆಲ್ಲ ತುಂತುರು ನೀರಾವರಿಯ ಪೈಪುಗಳನ್ನು ಹೊರಗೆ ತೆಗೆಯುತ್ತೇವೆ. ಯಾವುದರ ಕೊಕ್ಕೆ ಮುರಿದಿದೆ, ಯಾವುದು ಸೀಳಿದೆ ಎಂಬುದು ಗೊತ್ತಾಗುವುದು ಆಗಲೇ. ಪೇಟೆಯ ವೆಲ್ಡಿಂಗ್ ಅಂಗಡಿಗೆ ಒಯ್ದರೆ ಹಲವು ಕಡೆ 'ಇದು ಅಲ್ಯೂಮಿನಿಯಂ, ಆಗುವುದಿಲ್ಲ' ಎನ್ನುತ್ತಾರೆ.

ಆಗುತ್ತದೆ. ಆದರೆ ಕಬ್ಬಿಣದ ರೀತಿಯಲ್ಲಿ ಅಲ್ಲ. ಅಲ್ಯೂಮಿನಿಯಂ 660 ಡಿಗ್ರಿ ಸೆಂಟಿಗ್ರೇಡಿಗೆ ಕರಗುತ್ತದೆ. ಗಾಳಿ ತಾಗಿ ಅದರ ಮೈಮೇಲೆ ಕಟ್ಟುವ ಆಕ್ಸೈಡ್ ಪೊರೆಗಾದರೋ 2000 ಡಿಗ್ರಿಗೂ ಮೀರಿದ ಶಾಖ ಬೇಕು. ಒಳಗೆ ನೀರಾದರೂ ಹೊರಗೆ ಕೆನೆ ಹಾಗೆಯೇ ನಿಲ್ಲುತ್ತದೆ. ಕಬ್ಬಿಣದಂತೆ ಕೆಂಪಗಾಗಿ ಮುನ್ಸೂಚನೆ ಕೊಡುವ ಸ್ವಭಾವವೂ ಅದಕ್ಕಿಲ್ಲ. ನೋಡನೋಡುತ್ತಲೇ ತೂತು ಬೀಳುತ್ತದೆ.

ಟಿಗ್ ವಿಧಾನದಲ್ಲಿ ಟಂಗ್‌ಸ್ಟನ್ ಕಡ್ಡಿಯ ತುದಿಯಿಂದ ಆರ್ಕ್ ಹೊರಡುತ್ತದೆ. ಸುತ್ತ ಶುದ್ಧ ಆರ್ಗಾನ್ ಅನಿಲ ಹರಿದು ಗಾಳಿಯನ್ನು ದೂರವಿಡುತ್ತದೆ. ತುಂಬುವ ಕಡ್ಡಿ ಇನ್ನೊಂದು ಕೈಯಲ್ಲಿ. ಅಲ್ಯೂಮಿನಿಯಂಗೆ ಎ.ಸಿ. ವಿದ್ಯುತ್ತೇ ಬೇಕು: ಅದರ ಒಂದು ಅರ್ಧ ಸುತ್ತು ಪೊರೆಯನ್ನು ಒಡೆಯುತ್ತದೆ, ಇನ್ನೊಂದು ಅರ್ಧ ಲೋಹಕ್ಕೆ ಶಾಖ ಕೊಡುತ್ತದೆ. ಅಗ್ಗದ ಇನ್ವರ್ಟರ್ ಯಂತ್ರಗಳಲ್ಲಿ ಬಹಳಷ್ಟು ಡಿ.ಸಿ. ಮಾತ್ರ ಕೊಡುತ್ತವೆ. 'ಟಿಗ್' ಎಂದು ಬರೆದಿರುವುದನ್ನು ಮಾತ್ರ ನೋಡಿ ಹಣ ಕೊಡಬೇಡಿ.

ನಾವು ಕಲಿಯುವಾಗ ಮೊದಲ ದಿನವೇ ಪೈಪು ಹಿಡಿದು ಕೂತೆವು. ಒಂದು ಸೀಳು ಮುಚ್ಚಲು ಹೋಗಿ ಮೂರು ತೂತು ಮಾಡಿದೆವು. ಪೈಪಿನ ಗೋಡೆ ತೆಳು, ಹೊಸ ಕೈಗೆ ಅದಲ್ಲ. 3 ಮಿ.ಮೀ. ದಪ್ಪದ ತುಂಡು ತಗಡಿನ ಮೇಲೆ, ಸುಮಾರು 120 ಆಂಪಿಯರಿನಲ್ಲಿ ಕೈ ಪಳಗಿಸಬೇಕು. ಟಂಗ್‌ಸ್ಟನ್ ತುದಿ ಕರಗಿದ ಲೋಹಕ್ಕೆ ತಾಗಿತೋ, ನಿಲ್ಲಿಸಿ ಮತ್ತೆ ಸಾಣೆ ಹಿಡಿಯಬೇಕು. ಮೊದಮೊದಲು ಸಾಣೆಗೇ ಅರ್ಧ ದಿನ ಹೋಗುತ್ತದೆ, ಬೇಸರಪಡಬಾರದು.

ಮುಕ್ಕಾಲು ಕೆಲಸ ಶುಚಿಯಲ್ಲಿದೆ. ಪೈಪು ಪೂರ್ತಿ ಒಣಗಿರಬೇಕು. ತೇವ, ಎಣ್ಣೆಗಳಿಂದ ಬರುವ ಹೈಡ್ರೋಜನ್ ಬೆಸುಗೆಯನ್ನು ದೋಸೆಯಂತೆ ತೂತುತೂತಾಗಿಸುತ್ತದೆ. ಮಣ್ಣು, ಬೋರ್ಡೋ ದ್ರಾವಣದ ಕಲೆ ಎಲ್ಲ ಹೋಗಬೇಕು. ಜಿಡ್ಡನ್ನು ಅಸಿಟೋನಿನಿಂದ ಒರೆಸಿ, ಅದು ಆರಿದ ಮೇಲೆ ಸ್ಟೀಲ್ ತಂತಿಯ ಬ್ರಷ್ಷಿನಿಂದ ಉಜ್ಜಿ. ಸ್ಟೀಲೆಂದರೆ ಸ್ಟೇನ್‌ಲೆಸ್, ಕಬ್ಬಿಣಕ್ಕೆ ಬಳಸಿದ ಬ್ರಷ್ ಬೇಡ. ವಾಹನದ ಬ್ರೇಕ್ ತೊಳೆಯುವ ದ್ರವವನ್ನಂತೂ ಹತ್ತಿರ ಸುಳಿಯಗೊಡಬೇಡಿ. ಅದರಲ್ಲಿ ಕ್ಲೋರಿನ್ ಇದ್ದರೆ ಆರ್ಕಿನ ಬಳಿ ಫಾಸ್ಜೀನ್ ಎಂಬ ವಿಷಾನಿಲವಾಗುತ್ತದೆ.

ಇನ್ನು ಏಣಿಯ ವಿಷಯ. ಮೆಣಸು ಕೊಯ್ಲಿನ ನಡುವೆ ಸದಸ್ಯರೊಬ್ಬರು ಕಾಲು ಬಿರುಕುಬಿಟ್ಟ ಅಲ್ಯೂಮಿನಿಯಂ ಏಣಿ ತಂದು, 'ಪೈಪಿಗೆ ಹಾಕಿದಿರಲ್ಲ, ಇದಕ್ಕೂ ಹಾಕಿ' ಎಂದರು. ಹಾಕಿದ್ದರೆ ನೋಡಲು ಚೆನ್ನಾಗಿಯೇ ಕೂರುತ್ತಿತ್ತು. ಆದರೆ ಏಣಿಗೆ ಬಳಸುವ ಮಿಶ್ರಲೋಹಕ್ಕೆ ಬಲ ಬಂದಿರುವುದೇ ಕಾರ್ಖಾನೆಯಲ್ಲಿ ಹದವಾಗಿ ಕಾಯಿಸಿದ್ದರಿಂದ. ಬೆಸುಗೆಯ ಶಾಖಕ್ಕೆ ಆ ಹದ ಕೆಟ್ಟು, ಪಕ್ಕದ ಲೋಹದ ಬಲ ಮೂರನೇ ಒಂದು ಭಾಗವೋ ಅದಕ್ಕೂ ಹೆಚ್ಚೋ ಇಳಿದುಬಿಡುತ್ತದೆ. ಕಣ್ಣಿಗೆ ಏನೂ ಕಾಣದು. ಪೈಪು ಬಿಟ್ಟರೆ ನೀರು ಚೆಲ್ಲುತ್ತದೆ. ಏಣಿ ಬಿಟ್ಟರೆ ಸಿಲ್ವರ್ ಮರದ ಎತ್ತರದಿಂದ ಆಳು ಬೀಳುತ್ತಾನೆ. ನಾವು ಒಪ್ಪಲಿಲ್ಲ.

ಅವರಿಗೆ ಸಿಟ್ಟು ಬಂತು. ಕೊನೆಗೆ ಬಿರುಕಿನ ಮೇಲಕ್ಕೆ ಕತ್ತರಿಸಿ ಗಿಡ್ಡ ಏಣಿ ಮಾಡಿಕೊಟ್ಟೆವು. ಈಗ ಅದು ಅವರ ಮನೆಯ ಅಟ್ಟಕ್ಕೆ ಒರಗಿಕೊಂಡಿದೆ.