ಬತ್ತಿದ ಹಳ್ಳವೂ ಹೊಳೆಯೇ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಎರೆಭೂಮಿಯಲ್ಲಿ ಹಳ್ಳಗಳು ವರ್ಷದ ಬಹುಪಾಲು ಬತ್ತಿಯೇ ಇರುತ್ತವೆ. ನೀರಿಲ್ಲದ ಹಳ್ಳವೆಂದರೆ ಊರ ತಿಪ್ಪೆಯೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಆದರೆ ಮೊದಲ ದೊಡ್ಡ ಮಳೆಗೆ ಅದೇ ಹಳ್ಳ ಬೀದಿಯ ಕೊಳೆಯನ್ನೂ ಹೊಲದ ಗೊಬ್ಬರವನ್ನೂ ಹೊತ್ತು, ಉತ್ತರದಲ್ಲಿ ಭೀಮೆಗೆ, ದಕ್ಷಿಣದಲ್ಲಿ ಡೋಣಿ-ಕೃಷ್ಣೆಯರಿಗೆ ಒಪ್ಪಿಸುತ್ತದೆ. ನಾವು ಎಸೆದುದು ಕೆಳಗಣ ಊರಿನವರ ಕೊಡವನ್ನು ಸೇರುತ್ತದೆ.

ಶಾಸನ ಏನು ಹೇಳುತ್ತದೆ? 1974ರ ಜಲಮಾಲಿನ್ಯ ನಿವಾರಣಾ ಮತ್ತು ನಿಯಂತ್ರಣ ಅಧಿನಿಯಮವು ‘ತೊರೆ’ ಎಂಬುದಕ್ಕೆ ವಿಶಾಲವಾದ ಅರ್ಥವನ್ನು ಕೊಟ್ಟಿದೆ. ಹರಿಯುವ ಹೊಳೆಯಷ್ಟೇ ಅಲ್ಲ, ಸದ್ಯಕ್ಕೆ ಬತ್ತಿರುವ ಜಲಮಾರ್ಗವೂ ನೆಲದಡಿಯ ನೀರೂ ಅದರಲ್ಲಿ ಅಡಕವಾಗಿವೆ. ಅರಿತೂ ಅದಕ್ಕೆ ಮಲಿನ ವಸ್ತುವನ್ನು ಸೇರಿಸುವುದನ್ನು 24ನೆಯ ಪ್ರಕರಣ ನಿಷೇಧಿಸುತ್ತದೆ.

ತೊಡಕಿರುವುದು ಆ ‘ಅರಿತು’ ಎಂಬ ಮಾತಿನಲ್ಲಿ. ಕಾರ್ಖಾನೆಯ ಕೊಳವೆಯನ್ನು ಬೊಟ್ಟುಮಾಡಿ ತೋರಿಸಬಹುದು. ಸಾವಿರ ಹೊಲ, ನೂರು ಬೀದಿಗಳಿಂದ ಮಳೆ ತೊಳೆದು ತಂದ ಕೊಳೆಗೆ ಅಪರಾಧಿ ಯಾರು?

ಚರಂಡಿಯ ಹೊಣೆ ಮಾತ್ರ ಸ್ಪಷ್ಟವಾಗಿದೆ. ಮಧ್ಯಪ್ರದೇಶದ ರತ್ಲಾಂ ಪಟ್ಟಣದ ನಿವಾಸಿಗಳು ಇದಕ್ಕಾಗಿಯೇ ಮ್ಯಾಜಿಸ್ಟ್ರೇಟರ ಮೊರೆಹೊಕ್ಕರು. ಹಣವಿಲ್ಲವೆಂದಿತು ಪುರಸಭೆ. 1980ರಲ್ಲಿ ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರು ಆ ನೆಪವನ್ನು ಮನ್ನಿಸಲಿಲ್ಲ. ಅಂದು ಅವರಿಗೆ ನೆರವಾದುದು ದಂಡ ಪ್ರಕ್ರಿಯಾ ಸಂಹಿತೆಯ 133ನೆಯ ಪ್ರಕರಣ. ಇಂದು ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೆಯ ಪ್ರಕರಣವಾಗಿ ಉಳಿದಿದೆ. ಆ ಬಾಗಿಲು ನಮ್ಮ ಊರುಗಳವರಿಗೂ ತೆರೆದಿದೆ.

ಆದರೆ, ಶ್ರೋತೃಗಳೇ, ಹೊಲದ ಬದುವಿಗೂ ಮನೆಯ ಅಂಗಳಕ್ಕೂ ನ್ಯಾಯಾಲಯ ಬಂದು ಕಾವಲು ಕೂಡಲಾರದು. ಬತ್ತಿದ ಹಳ್ಳವನ್ನೂ ಶಾಸನ ಹೊಳೆಯೊಡನೆಯೇ ಎಣಿಸಿದೆ. ಮುಂಗಾರಿಗೆ ಮುನ್ನ ನಾವೂ ಹಾಗೆಯೇ ಎಣಿಸಬೇಕು.