ಹೆಚ್ಚಿದ ಅಣಬೆ ಕಪ್ಪಾಗುವುದೇಕೆ?

ಹಾಲಿನಂತೆ ಬೆಳ್ಳಗಿರುವ ಅಣಬೆಯನ್ನು ಹೆಚ್ಚಿ ತಟ್ಟೆಯಲ್ಲಿಟ್ಟು, ಬೇರೊಂದು ಕೆಲಸ ಮುಗಿಸಿ ಬರುವಷ್ಟರಲ್ಲಿ ಅದರ ಮೈ ಕಂದಿರುತ್ತದೆ. ಬದನೆಕಾಯಿಯ ಪಾಡೂ ಅದೇ. ಆದುದರಿಂದಲೇ ನಮ್ಮ ಗೃಹಿಣಿಯರು ಅದನ್ನು ಹೆಚ್ಚಿದೊಡನೆ ನೀರಿಗೆ ಹಾಕುವುದು. ಅಣಬೆಯ ಈ ವರ್ಣಾಂತರಕ್ಕೆ ಕಾರಣ ಟೈರೊಸಿನೇಸ್ ಎಂಬ ಕಿಣ್ವ.

ಜೀವಕೋಶದ ರಾಸಾಯನಿಕ ಕ್ರಿಯೆಗಳಿಗೆ ವೇಗ ಕೊಟ್ಟು, ತಾನು ಮಾತ್ರ ವ್ಯಯವಾಗದೆ ಉಳಿಯುವ ಪ್ರೋಟೀನೇ ಕಿಣ್ವ. ಅಣಬೆ ಇಡಿಯಾಗಿರುವಾಗ ಕಿಣ್ವ ಒಂದೆಡೆ, ಅದು ಮಾರ್ಪಡಿಸುವ ಫೀನಾಲುಗಳು ಇನ್ನೊಂದೆಡೆ. ಕತ್ತಿ ತಗುಲಿ ಕೋಶಗಳು ಒಡೆದೊಡನೆ ಎರಡೂ ಕೂಡುತ್ತವೆ. ಗಾಳಿಯ ಆಮ್ಲಜನಕವೂ ಸೇರಿ ಕಪ್ಪು ವರ್ಣಕ ಹುಟ್ಟುತ್ತದೆ. ಇದನ್ನು 1895ರಲ್ಲಿ ಅಣಬೆಯೊಂದರಲ್ಲಿ ಗುರುತಿಸಿದವರು ಬೂರ್ಕೆಲೋ ಮತ್ತು ಬರ್ತ್ರಾಂ ಎಂಬ ಫ್ರೆಂಚ್ ವಿಜ್ಞಾನಿಗಳು.

ಹಂಸನ ಕೆಲಸ

ಅಣಬೆಯ ರಸದಲ್ಲಿ ಅಸಂಖ್ಯ ಪ್ರೋಟೀನುಗಳುಂಟು. ಅವುಗಳಿಂದ ಒಂದನ್ನೇ ಆರಿಸುವುದೆಂದರೆ ಹಾಲನ್ನೂ ನೀರನ್ನೂ ಬೇರ್ಪಡಿಸುವ ಹಂಸನ ಕೆಲಸವೇ ಸರಿ. ತಂಪಿನಲ್ಲಿಯೇ ಅಣಬೆಯನ್ನು ಅರೆದು, ರಸ ಸೋಸಿ, ಅದಕ್ಕೆ ಅಮೋನಿಯಂ ಸಲ್ಫೇಟ್ ಎಂಬ ಲವಣವನ್ನು ಸ್ವಲ್ಪಸ್ವಲ್ಪವಾಗಿ ಬೆರೆಸುತ್ತಾರೆ. ಲವಣದ ಒಂದೊಂದು ಪ್ರಮಾಣಕ್ಕೆ ಒಂದೊಂದು ಗುಂಪಿನ ಪ್ರೋಟೀನುಗಳು ತಳಕ್ಕಿಳಿಯುತ್ತವೆ. ಬೇಕಾದ ಗಸಿಯನ್ನು ಮತ್ತೆ ಕರಗಿಸಿ, ತೆಳುಪೊರೆಯ ಚೀಲದಲ್ಲಿಟ್ಟು ಲವಣವನ್ನು ಕಳೆದು, ಬಳಿಕ ವಿಶಿಷ್ಟ ಕಣಗಳನ್ನು ತುಂಬಿದ ಗಾಜಿನ ಕೊಳವೆಯಲ್ಲಿ ಹರಿಸುತ್ತಾರೆ. ಗಾತ್ರಕ್ಕೋ ವಿದ್ಯುದಂಶಕ್ಕೋ ತಕ್ಕಂತೆ ಪ್ರೋಟೀನುಗಳು ಬೇರೆಬೇರೆ ಹೊತ್ತಿಗೆ ಹೊರಬರುತ್ತವೆ. ಹೆಜ್ಜೆಹೆಜ್ಜೆಗೂ ಸ್ವಲ್ಪ ಕಿಣ್ವ ನಷ್ಟವಾಗುತ್ತದೆ. ಬಿಸಿ ಹೆಚ್ಚಾದರೆ ಪಟ್ಟ ಶ್ರಮವೆಲ್ಲ ವ್ಯರ್ಥ. ಆದರೂ ಉಳಿದ ಪ್ರೋಟೀನಿನ ಪ್ರತಿ ಮಿಲಿಗ್ರಾಮಿನ ಸಾಮರ್ಥ್ಯ ಏರುತ್ತ ಹೋದರೆ ಹಿಡಿದ ದಾರಿ ಸರಿಯೆಂದೇ ಅರ್ಥ.

ಹೀಗೆ ಶೋಧಿಸಿಯೇ 1938ರಲ್ಲಿ ಕೇಂಬ್ರಿಜ್‌ನ ಕೀಲಿನ್ ಮತ್ತು ಮಾನ್ ಈ ಕಿಣ್ವದಲ್ಲಿ ತಾಮ್ರವಿರುವುದನ್ನು ತೋರಿಸಿದರು. ಬಿಳಿಯ ಅಣಬೆಯ ಒಡಲಿನಲ್ಲಿ ಲೋಹ! 2011ರಲ್ಲಿ ಕ್ಷ-ಕಿರಣಗಳ ನೆರವಿನಿಂದ ಅದರ ಆಕೃತಿಯೇ ಪ್ರಕಟವಾಯಿತು. ಕ್ರಿಯೆ ನಡೆಯುವ ಗುಳಿಯಲ್ಲಿ 2 ತಾಮ್ರದ ಪರಮಾಣುಗಳು. ಒಂದೊಂದನ್ನೂ 3 ಹಿಸ್ಟಿಡೀನ್ ಕೊಂಡಿಗಳು ಹಿಡಿದಿವೆ.

ನಮ್ಮ ಮೈಬಣ್ಣದ ಮಾತು

ಇದೇ ಬಳಗದ ಕಿಣ್ವ ನಮ್ಮ ಚರ್ಮದಲ್ಲಿಯೂ ಇದೆ. ಕೂದಲಿಗೂ ಚರ್ಮಕ್ಕೂ ಬಣ್ಣ ಕೊಡುವ ಮೆಲನಿನ್ ಅದರ ಕೊಡುಗೆ. ಸೂರ್ಯನ ಉಗ್ರ ಕಿರಣಗಳಿಂದ ನಮ್ಮನ್ನು ಕಾಯುವ ಕೊಡೆಯೂ ಅದೇ. ಇಂದು ಮೈಬಣ್ಣ ತಿಳಿಗೊಳಿಸುವ ಲೇಪಗಳಿಗಾಗಿ ವಸ್ತುಗಳನ್ನು ಹುಡುಕುವಾಗ, ಸುಲಭವಾಗಿ ದೊರೆಯುವುದೆಂದು, ಮೊದಲ ಪರೀಕ್ಷೆಯನ್ನು ಅನೇಕ ವೇಳೆ ಅಣಬೆಯ ಕಿಣ್ವದ ಮೇಲೆಯೇ ನಡೆಸುತ್ತಾರೆ. ಆದರೆ ಎರಡರ ರಚನೆಯೂ ಒಂದೇ ಅಲ್ಲ. ಅಣಬೆಯ ಕಿಣ್ವವನ್ನು ಕಟ್ಟಿಹಾಕಿದ ವಸ್ತು ಮನುಷ್ಯನ ಕಿಣ್ವವನ್ನೂ ಅಷ್ಟೇ ಬಲವಾಗಿ ಕಟ್ಟಿಹಾಕಬೇಕೆಂಬ ನಿಯಮವಿಲ್ಲ.

ಹೆಚ್ಚಿದ ಅಣಬೆಗೆ ತುಸು ನಿಂಬೆರಸ ಹಿಂಡಿದರೆ ಅದು ಬೇಗ ಕಪ್ಪಾಗದು. ಹುಳಿ ಕಿಣ್ವವನ್ನು ಕುಗ್ಗಿಸುತ್ತದೆ. ಅಡಿಗೆಮನೆಗೆ ಅಷ್ಟು ಸಾಕು. ಇನ್ನು, ಮಗಳ ಮುಖಕ್ಕೆಂದು ಲೇಪ ಕೊಳ್ಳುವಾಗ ಅದು ಕಪ್ಪು ತರುವ ಕಿಣ್ವವನ್ನು ತಡೆಯುತ್ತದೆಂಬ ಹೇಳಿಕೆ ಕಂಡರೆ ಒಂದು ಪ್ರಶ್ನೆ ಕೇಳಿಕೊಳ್ಳುವುದು ಒಳ್ಳೆಯದು: ತಡೆದದ್ದು ಯಾರ ಕಿಣ್ವವನ್ನು? ಅಣಬೆಯದನ್ನೋ, ನಮ್ಮದನ್ನೋ?